ಬಂಗಡೆ ಸಾರಿನ ಫೋಟೋ

ಹೊನ್ನಾವರದ ಬಂದರು ರಸ್ತೆಯಿಂದ ಒಳಗೆ ತಿರುಗುವ ಓಣಿಯಲ್ಲಿ ಮಂಗಲಾ ನಾಯ್ಕಳ ಮನೆ ಎಲ್ಲಿ ಎಂದು ಈಗ ಯಾರಾದರೂ ವಿಚಾರಿಸಿದರೆ, "ಅನ್ನ ಸಾರಿನ ಫೋಟೋ ಹೊಡಿತಾಳಲ್ಲ, ಅವಳ ಮನೆಯಾ?" ಎಂದು ತಿರುಗಿ ಕೇಳುತ್ತಾರೆ. ಕೇಳುವಾಗ ಸಣ್ಣಗೆ ನಗುತ್ತಾರೆ. ಮೊದಲು ಹಾಗಿರಲಿಲ್ಲ. ಮೊದಲು ಅವಳ ಮನೆ ಹುಡುಕಲು ಯಾರ ಹತ್ತಿರವೂ ಬಾಯಿ ಬಿಡಬೇಕಾಗಿರಲಿಲ್ಲ; ಮಧ್ಯಾಹ್ನದ ಹೊತ್ತಿಗೆ ಓಣಿಯ ತುದಿಯಲ್ಲಿ ನಿಂತರೆ ಮಸಾಲೆಯ ಪರಿಮಳವೇ ಕೈಹಿಡಿದು ಕರೆದುಕೊಂಡು ಹೋಗುತ್ತಿತ್ತು. ಆ ಪರಿಮಳ ಈಗಲೂ ಬರುತ್ತದೆ. ಅದು ಗೊತ್ತಾಗದೆ ಇರುವುದು ಮಂಗಲಾಳಿಗೆ ಮಾತ್ರ.

ಅವಳು ಹಿರೇಗುತ್ತಿಯ ಹುಡುಗಿ, ಈ ಮನೆಗೆ ಸೊಸೆಯಾಗಿ ಬಂದವಳು. ಗಂಡ ದಿನಕರ ವಿದ್ಯುತ್ ಇಲಾಖೆಯಲ್ಲಿ ಲೈನ್‌ಮ್ಯಾನ್. ಕಂಬ ಹತ್ತುವುದರಲ್ಲಿ ಹುಷಾರು, ಮಾತಿನಲ್ಲಿ ಅಷ್ಟಕ್ಕಷ್ಟೆ. ಅತ್ತೆ ಮಾಸ್ತಮ್ಮನ ಕೈರುಚಿ ಬಂದರಿನವರೆಗೂ ಹೆಸರುವಾಸಿ. ಆ ಹೆಂಗಸು ಯಾರನ್ನೂ ಸುಲಭಕ್ಕೆ ಹೊಗಳಿದವಳಲ್ಲ. ಸೊಸೆ ಬಂದು ಕೆಲವು ವರ್ಷ ಅವಳ ಕೈಗೆ ಬರೀ ಈರುಳ್ಳಿ ಹೆಚ್ಚುವ, ಕಾಯಿ ತುರಿಯುವ ಕೆಲಸ ಕೊಟ್ಟು ಕೂರಿಸಿದ್ದಳು. ಆಮೇಲೆ ಒಂದು ದಿನ ಒರಳಿನ ಮುಂದಿನಿಂದ ಎದ್ದು, "ಇನ್ನು ನೀನೇ ಮಾಡು ಮಗಾ, ನನಗೆ ಸೊಂಟ ಆಗುದಿಲ್ಲ" ಎಂದಳು. ಸೊಂಟಕ್ಕೆ ಏನೂ ಆಗಿರಲಿಲ್ಲ. ಆಗಿದ್ದರೆ ಅದೇ ಸಂಜೆ ಕಾಸರಕೋಡಿನವರೆಗೆ ನಡೆದುಕೊಂಡು ಹೋಗಿ ಮೀನು ತರುತ್ತಿದ್ದಳೇ? ಸೊಸೆಯ ಕೈ ಹದಕ್ಕೆ ಬಂತು ಎಂದು ಹೇಳಲು ಅವಳಿಗೆ ಬೇರೆ ದಾರಿ ಗೊತ್ತಿರಲಿಲ್ಲ, ಅಷ್ಟೆ.

ಮಾವ ಪಾಂಡು ಬಸ್ ಸ್ಟ್ಯಾಂಡಿನ ಹತ್ತಿರ ಸೈಕಲ್ ಅಂಗಡಿ ಇಟ್ಟಿದ್ದವನು. ಅವನಿಗೆ ಬಂಗಡೆ ಸಾರು ಎಂದರೆ ಪ್ರಾಣ. ಸಾರು ಬಿದ್ದ ಅನ್ನವನ್ನು ಒಂದು ತುತ್ತು ಬಾಯಿಗಿಟ್ಟು, ಕಣ್ಣು ಮುಚ್ಚಿ, "ಆತು" ಅನ್ನುತ್ತಿದ್ದ. ಆ ಒಂದು ಮಾತಿಗಾಗಿ ಮಂಗಲಾ ಬಾಗಿಲ ಸಂದಿಯಲ್ಲಿ ಸೌಟು ಹಿಡಿದುಕೊಂಡೇ ನಿಂತಿರುತ್ತಿದ್ದಳು. ಅದೇ ಮಾವನಿಗೆ ಕೊನೆಯಲ್ಲಿ ಕಿಡ್ನಿ ಕೈಕೊಟ್ಟಿತು. ಉಪ್ಪು, ಹುಳಿ, ಖಾರ ಯಾವುದೂ ಕೂಡದು ಎಂದರು ಡಾಕ್ಟರು. ಹಾಸಿಗೆಯಲ್ಲಿ ಮಲಗಿ ಮಗುವಿನ ಹಾಗೆ ಬಂಗಡೆ ಸಾರು ಕೇಳುತ್ತಿದ್ದ. ಮಾಸ್ತಮ್ಮ ಮಾತ್ರ ಜಗ್ಗಲಿಲ್ಲ. ಸಪ್ಪೆ ಗಂಜಿಯ ಬಟ್ಟಲು ಹಿಡಿದು ಕೂತು, "ಕುಡೀರಿ, ಚಲೋ ಆದ್ಮೇಲೆ ಎಲ್ಲ ಮಾಡಿ ಹಾಕ್ತೆ" ಎನ್ನುತ್ತಿದ್ದಳು. ಚಲೋ ಆಗಲಿಲ್ಲ. ಸಪ್ಪೆ ಗಂಜಿ ಕುಡಿದೇ ಅವನು ಹೋದ.

ಅಂದಿನಿಂದ ಹಿರಿಯರಿಗೆ ಎಡೆ ಇಡುವ ಮಹಾಲಯ ಅಮಾವಾಸ್ಯೆಯ ದಿನ ಆ ಮನೆಯಲ್ಲಿ ಬೇರೆ ಏನು ತಪ್ಪಿದರೂ ಬಂಗಡೆ ಸಾರು ತಪ್ಪುವುದಿಲ್ಲ.

ಮಂಗಲಾಳ ಕಥೆ ಕೆಟ್ಟದ್ದು ಹೋದ ವರ್ಷದ ಮಳೆಗಾಲದಲ್ಲಿ. ಮನೆಯವರಿಗೆಲ್ಲ ಒಂದೇ ಸಲ ಜ್ವರ, ಕೆಮ್ಮು. ಉಳಿದವರಿಗೆ ಬಂದ ಹಾಗೇ ಹೋಯಿತು. ಇವಳ ಜ್ವರವೂ ಹೋಯಿತು, ಹೋಗುವಾಗ ಮೂಗು ನಾಲಿಗೆ ಎರಡನ್ನೂ ಕರೆದುಕೊಂಡು ಹೋಯಿತು. ಅವಳಿಗೆ ಮೊದಲು ತಿಳಿಯಲೇ ಇಲ್ಲ. ಒಣ ಶೆಟ್ಲಿ, ಅಂದರೆ ಸಿಗಡಿ, ಹುರಿಯಲು ಬಾಣಲೆಗೆ ಹಾಕಿ, ಅದರ ಘಮ ಏಳಲಿ ಎಂದು ಕಾಯುತ್ತ ಬೆಳ್ಳುಳ್ಳಿ ಸುಲಿಯುತ್ತ ಕೂತಿದ್ದಳು. ಘಮ ಏಳಲೇ ಇಲ್ಲ. ಪಕ್ಕದ ಮನೆಯವಳು ಬೇಲಿಯಾಚೆಯಿಂದ, "ಮಂಗಲಕ್ಕಾ, ಎಂತ ಸುಟ್ಟು ಹೋಗ್ತಾ ಇದೆಯೇ!" ಎಂದು ಕೂಗಿದಾಗ ತಿರುಗಿ ನೋಡಿದರೆ ಬಾಣಲೆಯಲ್ಲಿ ಇದ್ದಿಲು.

ಕುಮಟೆಯ ಕಿವಿ ಮೂಗಿನ ಡಾಕ್ಟರ ಹತ್ತಿರ ಹೋದದ್ದಾಯಿತು. ಅವರು ಟಾರ್ಚು ಬಿಟ್ಟು ನೋಡಿ, "ಬಂದರೆ ಬರುತ್ತದೆ. ಕೆಲವರಿಗೆ ಬರುವುದಿಲ್ಲ" ಎಂದರು. ಮದ್ದಿಗಿಂತ ಅಭ್ಯಾಸ ಮುಖ್ಯವಂತೆ. ದಿನಾ ಬೆಳಿಗ್ಗೆ ಲಿಂಬೆಹಣ್ಣು, ಲವಂಗ, ಏಲಕ್ಕಿ ಒಂದೊಂದನ್ನೇ ಮೂಗಿನ ಹತ್ತಿರ ಹಿಡಿಯಬೇಕು. ಹಿಡಿದಾಗ ಅದನ್ನೇ ಕಣ್ಣಿಟ್ಟು ನೋಡಬೇಕು, ಅದರ ವಾಸನೆ ಹೇಗಿತ್ತು ಎಂದು ನೆನಪು ಮಾಡಿಕೊಳ್ಳಬೇಕು.

ಮನೆಗೆ ಬಂದ ಮೇಲೆ ಅವಳಿಗೆ ಕಾಯಿಲೆಗಿಂತ ಹೆಚ್ಚು ಸಂಕಟವಾದದ್ದು ಅತ್ತೆಯದು. ಮಾಸ್ತಮ್ಮ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಸೊಸೆ ಅತ್ತ ತಿರುಗಿದಾಗ ಬಂದು ಸಾರಿನ ರುಚಿ ನೋಡುವುದು, ಸದ್ದಿಲ್ಲದೆ ಒಂದು ಚಿಟಿಕೆ ಏನೋ ಉದುರಿಸುವುದು, ಸೌಟನ್ನು ಇದ್ದ ಹಾಗೇ ಇಟ್ಟು ಹೋಗುವುದು. ಕೊಟ್ಟ ಅಡುಗೆಮನೆಯನ್ನು ಚಿಟಿಕೆ ಚಿಟಿಕೆಯಾಗಿ ವಾಪಸು ತೆಗೆದುಕೊಳ್ಳುತ್ತಿದ್ದಾಳೆ ಎನಿಸಿತು ಮಂಗಲಾಳಿಗೆ. ಕೆಲವು ತಿಂಗಳು ತಡೆದಳು. ದೀಪಾವಳಿಯ ಬೆಳಿಗ್ಗೆ ಎಣ್ಣೆ ಬಾಣಲೆಯ ಮುಂದೆ ನಿಂತು, ಯಾರೂ ಕೇಳದೆ ಇದ್ದರೂ, "ಅತ್ತೆ, ನನಗೆ ವಾಸನೆ ಬಂತು" ಎಂದುಬಿಟ್ಟಳು.

ಹೇಳಿದ್ದು ಅತ್ತೆಯನ್ನು ಅಡುಗೆಮನೆಯಿಂದ ಹೊರಗಿಡಲು. ಆದದ್ದು ಬೇರೆ. ಮಾಸ್ತಮ್ಮ ಇಡಗುಂಜಿಗೆ ಹರಕೆ ಹೊತ್ತಿದ್ದಳಂತೆ, ಸೊಸೆಯ ಮೂಗು ಸರಿಯಾಗಲಿ ಎಂದು! ಮರುವಾರವೇ ಮನೆಯವರೆಲ್ಲ ಹೊರಟರು. ಮಹಾಗಣಪತಿಯ ಮುಂದೆ ಅತ್ತೆ ಕೈಮುಗಿದು ಕಣ್ಣೀರು ಹಾಕಿದಳು. ಪಂಚಕಜ್ಜಾಯದ ಪ್ರಸಾದವನ್ನು ಬಾಯಿಗೆ ಹಾಕಿಕೊಂಡ ಮಂಗಲಾಳಿಗೆ ಮರದ ಹೊಟ್ಟು ಅಗಿದ ಹಾಗಾಯಿತು. ಎಲ್ಲರೂ ನೋಡುತ್ತಿದ್ದರು. "ಚಲೋ ಇದೆ" ಎಂದಳು. ದೇವರ ಎದುರಿಗೆ ಹೇಳಿದ ಸುಳ್ಳನ್ನು ಇನ್ನು ಯಾವ ಬಾಯಲ್ಲಿ ವಾಪಸು ತೆಗೆದುಕೊಳ್ಳುವುದು?

ನಿಜ ಗೊತ್ತಿದ್ದದ್ದು ಮಗಳು ಪ್ರಣಿತಾಳಿಗೆ ಮಾತ್ರ. ಕುಮಟೆಯಲ್ಲಿ ಡಿಗ್ರಿ ಓದುವ ಹುಡುಗಿ, ಚುರುಕು. ಒಂದು ಬೆಳಿಗ್ಗೆ ಹುಳಿತು ಹೋದ ಹಾಲಿನ ಪಾತ್ರೆಯನ್ನು ತಾಯಿಯ ಮೂಗಿಗೆ ಹಿಡಿದು, "ಚಾ ಮಾಡ್ಲಕ್ಕಲ್ಲ, ಆಯಿ?" ಎಂದಳು. ಮಂಗಲಾ ಮೂಸಿ, "ಹ್ಞೂಂ" ಎಂದಳು. ಸಿಕ್ಕಿಬಿದ್ದಳು. ಪ್ರಣಿತಾ ಯಾರಿಗೂ ಹೇಳಲಿಲ್ಲ. ಅಂದಿನಿಂದ ಕಾಲೇಜಿನ ಬಸ್ಸಿಗೆ ಓಡುವ ಮೊದಲು ಅಡುಗೆಯೆಲ್ಲ ಬೆರಳಲ್ಲಿ ಮುಟ್ಟಿ ನಾಲಿಗೆಗಿಟ್ಟು, "ಉಪ್ಪು ಸಾಲ", "ಹುಳಿ ಜಾಸ್ತಿ ಆಯ್ತು" ಎಂದು ಹೇಳಿ ಹೋಗುವುದು ಅವಳ ದಿನದ ಕೆಲಸವಾಯಿತು. ಹದಿಹರೆಯದ ಮಗಳ ನಾಲಿಗೆಯನ್ನು ಸಾಲ ತಂದು ಸಂಸಾರ ನಡೆಸಿದ ಹಾಗಿತ್ತು.

ಫೋಟೋ ಶುರುವಾದದ್ದು ಲಿಂಬೆಹಣ್ಣಿನಿಂದ. ಹಿತ್ತಿಲ ಬಾಗಿಲ ಮೆಟ್ಟಿಲ ಮೇಲೆ ಕೂತು ದಿನಾ ಬೆಳಿಗ್ಗೆ ಹೆಚ್ಚಿದ ಲಿಂಬೆಯನ್ನು ಮೂಗಿಗೆ ಹಿಡಿಯುತ್ತಿದ್ದಳು, ಡಾಕ್ಟರು ಹೇಳಿದ ಹಾಗೆ ನೋಡುತ್ತಿದ್ದಳು. ವಾಸನೆ ಬರುತ್ತಿರಲಿಲ್ಲ. ಆದರೆ ನೋಡಿ ನೋಡಿ ಲಿಂಬೆಹಣ್ಣು ಕಾಣಿಸತೊಡಗಿತು. ಇಷ್ಟು ವರ್ಷ ಹಿಂಡಿ ಬಿಸಾಡಿದ್ದಳು, ಒಳಗೆ ಎಸಳೆಸಳಾಗಿ ಬೆಳಕು ತುಂಬಿಕೊಂಡಿರುತ್ತದೆ ಎಂದು ಯಾವತ್ತು ನೋಡಿದ್ದಳು? ಒಂದು ದಿನ ಮೊಬೈಲು ತಂದು ಅದರ ಚಿತ್ರ ತೆಗೆದಳು. ಮೂಗಿಗೆ ಸಿಗದ ಹಣ್ಣು ಇಷ್ಟಾದರೂ ಸಿಕ್ಕಿತಲ್ಲ ಎಂದು ಅವಳಿಗೆ ಅಳು ಬಂತು.

ಮರುದಿನ ಲವಂಗ, ಆಮೇಲೆ ಏಲಕ್ಕಿ, ಆಮೇಲೆ ದೋಸೆ. ಮೊಬೈಲಿನಲ್ಲಿ ಅಡುಗೆಯ ಫೋಟೋ ತೆಗೆಯುವುದನ್ನು ಕಲಿಸುವ ಮಂಗಳೂರಿನ ಹೆಂಗಸೊಬ್ಬಳ ವಿಡಿಯೋಗಳನ್ನು ಪ್ರಣಿತಾ ಹುಡುಕಿ ಕೊಟ್ಟಳು. ಟ್ಯೂಬ್‌ಲೈಟ್ ಆರಿಸಿ, ಕಿಟಕಿಯ ಬೆಳಕಿಗೆ ಬನ್ನಿ. ತಟ್ಟೆಯ ಅಂಚು ಒರೆಸಿ. ನೆರಳು ಬಿದ್ದ ಕಡೆ ಬಿಳಿಯದೊಂದನ್ನು ನಿಲ್ಲಿಸಿ, ಬೆಳಕು ಅದಕ್ಕೆ ತಾಗಿ ತಟ್ಟೆಯ ಮೇಲೆ ಬೀಳಲಿ. ಬಿಳಿಯದು ಎಂದರೆ ಏನು ಎಂದು ಮನೆಯೆಲ್ಲ ಹುಡುಕಿ, ಹೊಸ ಫ್ರಿಜ್ಜಿನ ಪೆಟ್ಟಿಗೆಯಲ್ಲಿ ಬಂದಿದ್ದ ಥರ್ಮಾಕೋಲ್ ಹಲಗೆಯನ್ನು ಅಟ್ಟದಿಂದ ಇಳಿಸಿದಳು. ಅದು ಸ್ವಲ್ಪ ಗಾಳಿಗೂ ಕುಣಿಯುತ್ತಿತ್ತು. ಬೆನ್ನಿಗೆ ಒಂದು ಇಟ್ಟಿಗೆ ಕೊಟ್ಟು ನಿಲ್ಲಿಸಬೇಕು.

"ಅನ್ನಕ್ಕೆ ಎಂತ ಮಾಡ್ತಾ ಇದ್ದಾಳೆ ಇವ್ಳು? ಹೆಣ್ಣು ತೋರ್ಸು ಶಾಸ್ತ್ರವಾ?" ಎಂದು ಮಾಸ್ತಮ್ಮ ಕೂತಲ್ಲಿಂದಲೇ ಕೇಳುತ್ತಿದ್ದಳು. ದಿನಕರ ತಟ್ಟೆಯ ಮುಂದೆ ಕೂತು, "ನಿನ್ನ ಫೋಟೋ ಉಂಡಾಯ್ತಾ? ನಾನು ಉಣ್ಲಕ್ಕಾ?" ಎನ್ನುತ್ತಿದ್ದ. ಬಿಸಿ ದೋಸೆ ಚರ್ಮದಂತಾಗುವವರೆಗೆ ಇವಳು ಅದರ ಸುತ್ತ ಮಂಡಿಯೂರಿ ತಿರುಗುತ್ತಿದ್ದದ್ದು ನಿಜ. ಹೊಸ ಹುಚ್ಚು ಎಂದುಕೊಂಡರು ಎಲ್ಲರೂ. ತಮಾಷೆ ಮಾಡಿದರೆ ಅವಳಿಗೆ ಬೇಸರವಿರಲಿಲ್ಲ. ಹುಚ್ಚು ಅಂದುಕೊಂಡರೆ ಒಳ್ಳೆಯದೇ, ನಿಜ ಕೇಳುವುದಿಲ್ಲವಲ್ಲ.

ಪೇಟೆಯಲ್ಲಿ ಪ್ರಕಾಶನ ಸ್ಟುಡಿಯೋ ಇದೆ. ಮದುವೆ, ಗೃಹಪ್ರವೇಶ, ಪಾಸ್‌ಪೋರ್ಟ್ ಸೈಜು ಎಲ್ಲ ಅವನೇ. ಮಗಳ ಹಾಲ್‌ಟಿಕೆಟ್ಟಿಗೆ ಫೋಟೋ ತೆಗೆಸಲು ಹೋದಾಗ ಮಂಗಲಾ ಅಂಜುತ್ತ ಅಂಜುತ್ತ ತನ್ನ ಮೊಬೈಲು ತೋರಿಸಿದಳು. ಅವನು ಬೆರಳಲ್ಲಿ ಹಿಗ್ಗಿಸಿ ಹಿಗ್ಗಿಸಿ ನೋಡಿದ. "ಅಕ್ಕ, ನಡುವೆ ಚಲೋ ಇದೆ. ಆದರೆ ಇಲ್ಲಿ ನೋಡಿ, ಈ ಮೂಲೆಯಲ್ಲಿ ನಿಮ್ಮ ಅಡುಗೆಮನೆಯ ಮಸಿಬಟ್ಟೆ. ಆ ಮೂಲೆಯಲ್ಲಿ ಯಾರದೋ ಕಾಲು" ಎಂದು ನಕ್ಕ. "ಎಲ್ಲರೂ ನಡುವೆ ನೋಡ್ತಾರೆ. ಒತ್ತುವ ಮೊದಲು ನಾಲ್ಕು ಮೂಲೆ ನೋಡಿ. ತಪ್ಪು ಇರುವುದು ಯಾವಾಗಲೂ ಮೂಲೆಯಲ್ಲೇ."

ಅದೊಂದು ಪಾಠ ಅವಳ ತಲೆಗೆ ಗಟ್ಟಿಯಾಗಿ ಕೂತಿತು. ಆಮೇಲೆ ಏನು ನೋಡಿದರೂ ಮೊದಲು ಮೂಲೆ. ಊಟಕ್ಕೆ ಕೂತವರ ತಟ್ಟೆಯಲ್ಲೂ ಮೂಲೆ ನೋಡುತ್ತಿದ್ದಳು. ಗಂಡ ಪಲ್ಯವನ್ನು ಅಂಚಿಗೆ ಸರಿಸಿದರೆ ಹುಳಿ ಹೆಚ್ಚಾಗಿದೆ ಎಂದು ಗೊತ್ತಾಗುತ್ತಿತ್ತು. ಅವನೇ ಉಪ್ಪಿನಕಾಯಿ ಮತ್ತೊಂದು ಹೋಳು ಕೇಳಿದರೆ ಸಾರು ಸಪ್ಪೆ. ನಾಲಿಗೆ ಮಾಡುತ್ತಿದ್ದ ಕೆಲಸವನ್ನು ಕಣ್ಣಿಗೆ ಹೊರಿಸಿದ್ದಳು; ಪಾಪ, ಅದೂ ಹೊತ್ತುಕೊಂಡಿತು.

ಆ ವಿಡಿಯೋದ ಹೆಂಗಸು ಇನ್ನೊಂದು ಗುಟ್ಟನ್ನೂ ಹೇಳಿದ್ದಳು. ಉಪ್ಪು ಬಿದ್ದರೆ ಸೊಪ್ಪು ತರಕಾರಿ ನೀರು ಬಿಟ್ಟು ಬಾಡುತ್ತವೆ, ಬಣ್ಣ ಇಳಿಯುತ್ತದೆ, ಆದ್ದರಿಂದ ಫೋಟೋ ಆದ ಮೇಲೆ ಹಾಕಿ. ಹೊಸದಾಗಿ ಕಲಿತವರ ಭಕ್ತಿ ಗೊತ್ತಲ್ಲ. ಹರಿವೆ ಸೊಪ್ಪಿಗೆ ಹೇಳಿದ್ದನ್ನು ಮಂಗಲಾ ಸಾಂಬಾರಿಗೂ ಮೀನಿಗೂ ಪಾಲಿಸಿದಳು. ಮೊದಲು ಫೋಟೋ, ಆಮೇಲೆ ಉಪ್ಪು. ಎಷ್ಟೋ ದಿನ ಫೋಟೋದ ಗಡಿಬಿಡಿಯಲ್ಲಿ ಉಪ್ಪು ಮರೆತೇ ಹೋಗುತ್ತಿತ್ತು. ಪ್ರಣಿತಾಳ ಬೆರಳು ಇತ್ತಲ್ಲ, ಪಾರಾಗುತ್ತಿದ್ದಳು. ಪ್ರಣಿತಾ ಇಲ್ಲದ ದಿನ ನಾದಿನಿ ವಸಂತಿ ಇದ್ದರೆ ಸಾಕು. ದಿನಕರನ ತಂಗಿ, ಭಟ್ಕಳಕ್ಕೆ ಕೊಟ್ಟಿದೆ. ಬಾಯಿ ಎಂದರೆ ಬಾಯಿ ಅವಳದು. ಕೂತು ಒಂದು ತುತ್ತು ಉಂಡಳೋ ಇಲ್ಲವೋ, "ಅತ್ತಿಗೆ, ಫೋಟೋಕ್ಕೆ ನೂರು ಮಾರ್ಕು, ಸಾರಿಗೆ ಸೊನ್ನೆ. ಉಪ್ಪು ಯಾರು ಹಾಕ್ತಾರೆ, ನಿನ್ನ ಮೊಬೈಲಾ?" ಎಂದು ಮನೆಯವರೆದುರು ಕೇಳುವವಳು. ಉಳಿದ ಹೆಂಗಸರಾದರೆ ಮುಖ ಊದಿಸುತ್ತಿದ್ದರು. ಮಂಗಲಾಳಿಗೆ ಒಳಗೊಳಗೇ ಸಮಾಧಾನ. ಓಡಿಹೋಗಿ ಉಪ್ಪು ತರುತ್ತಿದ್ದಳು.

ಈ ವರ್ಷದ ಅಮಾವಾಸ್ಯೆ ಬಂತು.

ಆ ದಿನದ ಕಟ್ಟುಪಾಡು ಸರಳ. ಹಿರಿಯರಿಗೆ ಎಂದು ಮಾಡಿದ ಅಡುಗೆಯನ್ನು ಮನೆಯವರು ಮೊದಲು ರುಚಿ ನೋಡುವ ಹಾಗಿಲ್ಲ. ಬಾಳೆ ಎಲೆಯಲ್ಲಿ ಎಲ್ಲವನ್ನೂ ಬಡಿಸಿ, ಹಿತ್ತಿಲ ಗೋಡೆಯ ಮೇಲೆ ಇಟ್ಟು, ಕಾಗೆ ಬಂದು ಮುಟ್ಟಿದ ಮೇಲೆಯೇ ಮನೆಯವರ ಊಟ. ಮಾಸ್ತಮ್ಮ ತನ್ನ ಕಾಲದಲ್ಲಿ ವಾಸನೆಯ ಮೇಲೇ ಎಲ್ಲ ಹದ ಹಿಡಿಯುತ್ತಿದ್ದಳು. ಮಂಗಲಾಳೂ ಹಾಗೇ ಮಾಡಿಕೊಂಡು ಬಂದವಳು. ಹೋದ ವರ್ಷ ಅತ್ತೆಯೇ ಹತ್ತಿರ ನಿಂತು ಹದ ನೋಡಿದ್ದಳು; ಈಗ ರುಚಿ ನೋಡುವ ಹಾಗೂ ಇಲ್ಲ, ವಾಸನೆಯೂ ಇಲ್ಲ.

ಒರಳಿನಲ್ಲಿ ಕಾಯಿ ಮೆಣಸು ನುಣ್ಣಗೆ ಅರೆದಳು. ವಾಟೆಹುಳಿ ನೆನೆಹಾಕಿದಳು. ಮಾವನಿಗೆ ಇಷ್ಟವಾದ, ನಾಲಿಗೆ ಜುಂ ಎನ್ನಿಸುವ ಜುಮ್ಮನಕಾಯಿಯನ್ನು ಜಜ್ಜಿ ಹಾಕಿದಳು. ಅಂದು ಕಾಲೇಜಿಗೆ ರಜೆ. ಪ್ರಣಿತಾ ಒಲೆಯ ಹತ್ತಿರ ಬಂದು ಮೆಲ್ಲಗೆ, "ಆಯಿ, ನಾನೊಂದು ಬೆರಳು ನೋಡ್ಲಾ? ಯಾರಿಗೂ ಗೊತ್ತಾಗುದಿಲ್ಲ" ಎಂದಳು.

"ಬ್ಯಾಡ."

"ಸ್ವಲ್ಪ, ಆಯಿ."

"ನಿನ್ನ ಅಜ್ಜನಿಗೆ ಎಂಜಲು ಇಡುದಾ? ನಾನು ಹೇಳಿದ ಸುಳ್ಳೇ ಸಾಕು. ನೀನು ಆಚೆ ಹೋಗು."

ಮಗಳು ಹೋದಳು. ಮಂಗಲಾ ಒಲೆಯ ಮುಂದೆ ನಿಂತು ಕುದಿಯುವ ಸಾರನ್ನು ನೋಡಿದಳು. ಬಣ್ಣ ಸರಿ ಇತ್ತು. ಎಣ್ಣೆ ಸರಿಯಾಗಿ ಬಿಟ್ಟುಕೊಂಡಿತ್ತು. ಹಳೆಯ ಸಾರುಗಳ ಫೋಟೋಗಳನ್ನು ತೆಗೆದು ಹೋಲಿಸಿದಳು, ಎಲ್ಲವೂ ಹೊಂದಿತು. ಪಾತ್ರೆಯನ್ನು ಹಿತ್ತಿಲ ಬಾಗಿಲ ಬೆಳಕಿಗೆ ತಂದು ಫೋಟೋ ತೆಗೆಯುತ್ತಿದ್ದಾಗಲೇ ಭಟ್ಕಳದ ಬಸ್ಸಿಳಿದು ವಸಂತಿ ಬಂದಳು. ಅವಳು ಬಂದರೆ ಮನೆಯೇ ಎದ್ದು ನಿಲ್ಲುತ್ತದೆ. ಚೀಲ ಇಳಿಸುವುದು, ನೀರು ಕೊಡುವುದು, ಅಮ್ಮನಿಗೂ ಮಗಳಿಗೂ ಬಾಗಿಲಲ್ಲೇ ಮಾತು. ಅಷ್ಟರಲ್ಲಿ ಮಾಸ್ತಮ್ಮ, "ಹೊತ್ತಾತು ಮಂಗಲಾ, ಎಲೆ ಹಾಕು" ಎಂದು ಕೂಗಿದಳು.

ಮಂಗಲಾ ಎಲೆ ತೊಳೆದು ಬಡಿಸಿದಳು. ಎಲೆಯ ಮೂಲೆಯಲ್ಲಿ ಉಪ್ಪು, ಅದರ ಪಕ್ಕ ಉಪ್ಪಿನಕಾಯಿ, ಪಲ್ಯ, ಅನ್ನ, ಅನ್ನದ ಮೇಲೆ ಬಂಗಡೆ ಸಾರು. ಗೋಡೆಯ ಮೇಲೆ ಇಟ್ಟಳು. ಮಳೆ ಬಿಟ್ಟ ಮೋಡದ ನಡುವಿನಿಂದ ಬೆಳಕು ಹದವಾಗಿ ಬೀಳುತ್ತಿತ್ತು, ಇಂಥ ಬೆಳಕಿಗೆ ಅವಳು ತಿಂಗಳುಗಟ್ಟಲೆ ಕಾದಿದ್ದಳು. ಮಾವನ ಎಲೆಯದು ಒಂದು ಚಂದದ ಫೋಟೋ ಇರಲಿ, ಹೇಗಾಯಿತು ಎಂದು ಹೇಳಲು ಅವನಿಲ್ಲದಿದ್ದರೂ ನೋಡಲಾದರೂ ಇರಲಿ ಎನಿಸಿತು. ಥರ್ಮಾಕೋಲ್ ಹಲಗೆ ತಂದು ಗೋಡೆಯ ಮೇಲೆ ಎಲೆಯ ಪಕ್ಕ ನಿಲ್ಲಿಸಿ ಇಟ್ಟಿಗೆ ಕೊಟ್ಟಳು. ನಾಲ್ಕು ಮೂಲೆ ನೋಡಿದಳು. ಒತ್ತಿದಳು. ಅಷ್ಟು ಒಳ್ಳೆಯ ಫೋಟೋ ಅವಳು ಅಲ್ಲಿಯವರೆಗೆ ತೆಗೆದೇ ಇರಲಿಲ್ಲ.

ಎಲ್ಲರೂ ಹಿಂದೆ ಸರಿದು ನಿಂತರು. ದಿನಕರ ಕಾ ಕಾ ಎಂದು ಕರೆದ.

ಕಾಗೆಗಳಿಗೇನು ಬರ ಇರಲಿಲ್ಲ. ತೆಂಗಿನ ಗರಿಯ ಮೇಲೆ ಕೂತು ಕತ್ತು ಓರೆ ಮಾಡಿ ನೋಡಿದವು. ಒಂದು ಹಾರಿ ಬಂದು ಗೋಡೆಯ ಹತ್ತಿರವೇ ಸುತ್ತಿ ವಾಪಸು ಹೋಯಿತು. ಇನ್ನೊಂದು ಬಂತು, ಹೋಯಿತು. ಹೊತ್ತು ಏರಿತು. ಸಾರಿನ ಮೇಲೆ ಕೆನೆ ಕಟ್ಟಿತು. ಪಕ್ಕದ ಮನೆಯವರ ಎಲೆಗೆ ಕಾಗೆ ಬಂದದ್ದೂ ಆಯಿತು, ಅವರು ಒಳಗೆ ಹೋಗಿ ಊಟಕ್ಕೆ ಕೂತ ಸದ್ದೂ ಕೇಳಿಸಿತು.

ಆಗ ಮಾಸ್ತಮ್ಮ ಗೋಡೆಯ ಹತ್ತಿರ ಹೋಗಿ ಸೆರಗು ಒಡ್ಡಿ ನಿಂತಳು. ಗಂಡನನ್ನು ಹೆಸರು ಹಿಡಿದು ಕರೆದವಳಲ್ಲ ಎಂದೂ.

"ದಿನಕರನ ಅಪ್ಪಾ, ಎಂತಕೆ ಬರುದಿಲ್ಲ? ಎಂತ ಕಡಿಮೆ ಆತು ಹೇಳಿ. ನನ್ನ ಮೇಲೆ ಸಿಟ್ಟಾ? ನಂಗೆ ಗೊತ್ತದೆ, ನನ್ನ ಮೇಲೇ ಸಿಟ್ಟು. ಬಂಗಡೆ ಸಾರು ಅಂತ ಅಷ್ಟು ಕೇಳಿದ್ರಿ, ನಾನು ಸಪ್ಪೆ ಗಂಜಿ ಕುಡಿಸಿ ಕಳಿಸ್ದೆ. ಡಾಕ್ಟ್ರು ಹೇಳಿದ್ರು, ನಾನು ಎಂತ ಮಾಡ್ಬೇಕಿತ್ತು? ಒಂದು ತುತ್ತು ಕೊಡ್ಬೇಕಿತ್ತು. ಹ್ಯಾಂಗೂ ಹೋಗುದೇ ಇತ್ತು, ಒಂದು ತುತ್ತು ಕೊಡ್ಬೇಕಿತ್ತು ನಾನು." ಅವಳ ಧ್ವನಿ ಒಡೆಯಿತು. "ಇದು ಸಪ್ಪೆ ಅಲ್ಲ. ಉಪ್ಪು, ಹುಳಿ, ಖಾರ ಎಲ್ಲ ಹಾಕಿ ನಿಮ್ಮ ಸೊಸೆ ಮಾಡಿದ್ದು. ಬಂದು ಉಣ್ಣಿ. ನಿಮ್ಮ ಕಾಲಿಗೆ ಬೀಳ್ತೆ."

ಆ ಹೆಂಗಸು ಅತ್ತದ್ದನ್ನು ಮಂಗಲಾ ನೋಡಿದ್ದು ಬೆರಳೆಣಿಕೆಯಷ್ಟು ಸಲ. ಗಂಡ ಸತ್ತ ದಿನವೂ ಬಂದವರಿಗೆ ಚಾ ಆಯಿತಾ ಎಂದು ವಿಚಾರಿಸಿಕೊಂಡವಳು. ಇಷ್ಟು ವರ್ಷ ಒಳಗೆ ಇಷ್ಟನ್ನು ಇಟ್ಟುಕೊಂಡಿದ್ದಳೇ? ತಪ್ಪು ತನ್ನದು, ಏನು ತಪ್ಪು ಎಂದು ತನಗೂ ಗೊತ್ತಿಲ್ಲ, ಶಿಕ್ಷೆ ಮಾತ್ರ ಆ ಮುದುಕಿಗೆ.

"ಅತ್ತೆ, ನಿಮ್ಮ ತಪ್ಪಲ್ಲ" ಎಂದಳು. "ನಂಗೆ ವಾಸನೆ ಬಂದೇ ಇಲ್ಲ."

ಎಲ್ಲರೂ ತಿರುಗಿದರು.

"ಸುಳ್ಳು ಹೇಳಿದ್ದೆ. ಇಡಗುಂಜಿಯಲ್ಲೂ ಸುಳ್ಳೇ. ವಾಸನೆಯೂ ಇಲ್ಲ, ರುಚಿಯೂ ಇಲ್ಲ. ದಿನಾ ಕಣ್ಣಂದಾಜಿಗೆ ಮಾಡ್ತೆ. ಈ ಸಾರು ಹ್ಯಾಂಗಾಗಿದೆ ಅಂತ ಆ ದೇವರಾಣೆ ನಂಗೆ ಗೊತ್ತಿಲ್ಲ. ಎಂತ ಮಾಡಿ ಇಟ್ಟಿದ್ದೇನೋ, ಅದಕ್ಕೇ ಮಾವ ಬರುದಿಲ್ಲ."

ಮಾಸ್ತಮ್ಮ ಸೆರಗು ಒಡ್ಡಿದ ಕೈಯಲ್ಲೇ ನಿಂತಿದ್ದಳು. ವಸಂತಿ ಬಾಯಿಗೆ ಕೈ ಇಟ್ಟುಕೊಂಡಳು. ದಿನಕರನಿಗೆ ಹೆಂಡತಿಯನ್ನು ಸಮಾಧಾನ ಮಾಡುವುದು ಹೇಗೆಂದು ತಿಳಿಯಲಿಲ್ಲ, ಅಂಥ ಹೊತ್ತಿನಲ್ಲಿ ಗಂಡಸರು ಮಾಡುವಂತೆ ಏನಾದರೂ ಒಂದರ ಮೇಲೆ ಸಿಟ್ಟು ಮಾಡಿಕೊಂಡ. ಸಿಕ್ಕಿದ್ದು ಥರ್ಮಾಕೋಲ್.

"ಮೊದ್ಲು ಈ ಬಿಳಿ ಹಲಗೆ ತೆಗೀರಿ! ಗಾಳಿಗೆ ಅಲ್ಲಾಡ್ತಾ ಇದೆ, ಯಾವ ಕಾಗೆ ಹತ್ರ ಬರ್ತದೆ? ದಿನಾ ತಂತಿ ಮೇಲೆ ನೋಡುದಿಲ್ವಾ ನಾನು?" ಎಂದು ಅದನ್ನು ಕಿತ್ತು ಹಿತ್ತಿಲಿಗೆ ಎಸೆದ.

ಹಲಗೆ ನೆಲ ಮುಟ್ಟಿತೋ ಇಲ್ಲವೋ, ಗೋಡೆಯ ಮೇಲೆ ಕಾಗೆ ಇಳಿಯಿತು. ಅದರ ಹಿಂದೆ ಇನ್ನೊಂದು. ಮೀನನ್ನು ಕಚ್ಚಿಕೊಂಡು ಜಗಳವಾಡಿದವು.

ಒಂದು ಗಳಿಗೆ ಮೊದಲು ಆ ಹಲಗೆ ತೆಗೆದಿದ್ದರೆ ಹೇಳಿದ್ದು ಯಾವುದನ್ನೂ ಹೇಳಬೇಕಾಗಿರಲಿಲ್ಲ. ಮಂಗಲಾಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮಾಸ್ತಮ್ಮ ಕಣ್ಣು ಒರೆಸಿಕೊಂಡು ಹತ್ತಿರ ಬಂದು, ಸೊಸೆಯ ಮೂಗನ್ನು ತನ್ನ ಒರಟು ಬೆರಳಲ್ಲಿ ಮೆಲ್ಲಗೆ ಸವರಿದಳು, ಮಗುವಿಗೆ ಸವರುವ ಹಾಗೆ. "ಆತು, ನಡಿ. ಊಟಕ್ಕೆ ಹಾಕು" ಎಂದಳು.

ನಡುಮನೆಯಲ್ಲಿ ಎಲೆ ಹಾಕಿ ನಾಲ್ವರನ್ನೂ ಕೂರಿಸಿದಳು. ಎಲ್ಲರ ಎಲೆಯ ಮೂಲೆಗೂ ಉಪ್ಪು ಬಡಿಸಿದಳು. ಮಾಸ್ತಮ್ಮನಿಗೆ ಬಿಪಿ, ಮೇಲಿಂದ ಉಪ್ಪು ಕೂಡದು. ಆದರೆ ಹಬ್ಬದ ಎಲೆಯ ಮೂಲೆ ಖಾಲಿ ಬಿಡಬಾರದೆಂದು ಅವಳಿಗೂ ಒಂದು ಚಿಟಿಕೆ ಬಡಿಸುವುದು, ಅದು ಮುಟ್ಟದೆ ಎಲೆಯ ಜೊತೆ ಗುಂಡಿಗೆ ಹೋಗುವುದು ಆ ಮನೆಯ ರೂಢಿ.

ಸಾರು ಬಡಿಸಿದಳು. ಎಲ್ಲರೂ ಒಂದು ತುತ್ತು ಉಂಡರು. ಸೌಟು ಹಿಡಿದು ಬಾಗಿಲ ಸಂದಿಯಲ್ಲಿ ನಿಂತಳು.

"ಹ್ಯಾಂಗಾಯ್ತು?"

"ಚಲೋ ಆತು" ಎಂದ ದಿನಕರ, ತಲೆ ಎತ್ತದೆ.

"ಲಾಯ್ಕ್ ಆಯ್ತು ಆಯಿ" ಎಂದಳು ಪ್ರಣಿತಾ, ಬೇಗ ಬೇಗ.

ಮಂಗಲಾ ವಸಂತಿಯ ಕಡೆ ನೋಡಿದಳು. ಆ ಬಾಯಿಯನ್ನು ನಂಬಿದ್ದಳು. "ವಸಂತಿ, ನೀನಾದ್ರೂ ಖರೆ ಹೇಳೇ."

"ಖರೇನೇ ಅತ್ತಿಗೆ. ಭಾರೀ ಚಲೋ ಆತು. ಇನ್ನೊಂದು ಸೌಟು ಹಾಕು" ಎಂದಳು ವಸಂತಿ. ಅಷ್ಟು ಮೆತ್ತಗಿನ ದನಿ ಅವಳಲ್ಲಿ ಇದೆ ಎಂದೇ ಆ ಮನೆಯವರಿಗೆ ಗೊತ್ತಿರಲಿಲ್ಲ.

ಮಾಸ್ತಮ್ಮ ಕಣ್ಣು ಮುಚ್ಚಿ ಒಂದು ತುತ್ತು ನುಂಗಿ, ಗಂಡನ ಹಾಗೇ, "ಆತು" ಎಂದಳು. ಮಂಗಲಾ ಅನ್ನ ತರಲು ಒಳಗೆ ಹೋದಳು. ಎದೆ ಹಗುರಾಗಿತ್ತು. ಹೇಳಿಬಿಟ್ಟದ್ದೇ ಒಳ್ಳೆಯದಾಯಿತು, ಸಾರೂ ಚಲೋ ಆಗಿದೆ ಎನಿಸಿತು.

ಊಟ ಮುಗಿಸಿ ಎಲ್ಲರೂ ಎದ್ದರು. ಎಲೆ ಎತ್ತಲು ಅವಳು ಬಗ್ಗಿದಳು. ಅಭ್ಯಾಸಬಲ, ಮೊದಲು ಮೂಲೆ ನೋಡಿದಳು.

ದಿನಕರನ ಎಲೆಯ ಮೂಲೆಯಲ್ಲಿ ಉಪ್ಪಿರಲಿಲ್ಲ. ಪ್ರಣಿತಾಳ ಎಲೆಯಲ್ಲೂ ಇರಲಿಲ್ಲ. ವಸಂತಿಯ ಎಲೆಯಲ್ಲಿ ಬೆರಳಿಂದ ಬಳಿದ ಗುರುತಿತ್ತು. ಮಂಗಲಾ ಅತ್ತೆಯ ಎಲೆಯ ಮುಂದೆ ಕೂತುಬಿಟ್ಟಳು. ಅಲ್ಲಿಯೂ ಮೂಲೆ ಖಾಲಿ. ಉಪ್ಪು ಮುಟ್ಟಬಾರದ ಮುದುಕಿ, ಸೊಸೆ ಅನ್ನ ತರಲು ಒಳಗೆ ಹೋದಾಗ ಕಲಸಿಕೊಂಡಿರಬೇಕು.

ಬಾಗಿಲ ಬೆಳಕಲ್ಲಿ ಪಾತ್ರೆ, ಮೊದಲು ಫೋಟೋ, ವಸಂತಿಯ ಚೀಲ, ಹೊತ್ತಾತು ಎಂಬ ಕೂಗು ಎಲ್ಲ ನೆನಪಾಯಿತು. ಉಪ್ಪು ಹಾಕಿದ್ದು ನೆನಪಾಗಲಿಲ್ಲ. ಹಾಕಿರಲೇ ಇಲ್ಲ. ನಿನ್ನೆಯವರೆಗೆ ಆಗಿದ್ದರೆ ಬೈದಾದರೂ ಹೇಳುತ್ತಿದ್ದರು. ಇನ್ನು ಈ ಮನೆಯಲ್ಲಿ ಅವಳಿಗೆ ಯಾರೂ ಹೇಳುವುದಿಲ್ಲ. ಏನು ಬಡಿಸಿದರೂ ಚಲೋ ಆತು ಎನ್ನುತ್ತಾರೆ, ಪ್ರೀತಿಯಿಂದಲೇ ಎನ್ನುತ್ತಾರೆ.

ಆಮೇಲೆ ಹಿತ್ತಿಲ ಗೋಡೆಯ ಮೇಲಿನ ಮಾವನ ಎಲೆಯೂ, ಇದು ಸಪ್ಪೆ ಅಲ್ಲ ಎಂದ ಅತ್ತೆಯ ಮಾತೂ ನೆನಪಾದವು. ಎಂಜಲು ಎಲೆಗಳನ್ನು ಹಾಗೇ ಬಿಟ್ಟು ಎದ್ದು ಹೋದಳು. ಕಾಗೆಗಳು ಹೋಗಿದ್ದವು. ಎಲೆಯ ಮೇಲೆ ಮೀನಿರಲಿಲ್ಲ, ಮುಳ್ಳೂ ಇರಲಿಲ್ಲ, ಅನ್ನ ಗೋಡೆಯ ಮೇಲೆಲ್ಲ ಚೆಲ್ಲಿತ್ತು. ಮೂಲೆಯ ಉಪ್ಪು ಮಾತ್ರ ಅವಳು ಇಟ್ಟ ಹಾಗೇ ಇತ್ತು.